ಹಿಂದಿನ ಗೋಡೆಯ ಸೇಬು

ಗೋದಾಮಿನ ಹಿಂದಿನ ಮನೆ,
ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೋದ ಸಲ ಫೋನು ಮಾಡಿದಾಗ ಮಾತಿಗೊಮ್ಮೆ ಕೆಮ್ಮುತ್ತಿದ್ದೆ. ಕೇಳಿದರೆ ಬಂದರಿನ ಉಪ್ಪುಗಾಳಿ ಎಂದೆ. ಉಪ್ಪುಗಾಳಿಗೆ ಅಷ್ಟು ಕೆಮ್ಮು ಬರುವುದಾದರೆ ಮೀನು ಹಿಡಿಯುವವರ ವಂಶವೇ ಇಷ್ಟು ಹೊತ್ತಿಗೆ ಮುಗಿದುಹೋಗಿರಬೇಕಿತ್ತು. ಬೀಡಿ ಬಿಟ್ಟೆಯೋ ಇಲ್ಲವೋ, ಅದನ್ನು ಮೊದಲು ಹೇಳು. ಅಮ್ಮ ಪಕ್ಕದಲ್ಲೇ ಕೂತು ಒಂದೊಂದೇ ಪ್ರಶ್ನೆ ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ: ಹೊಟ್ಟೆ ತುಂಬ ತಿನ್ನುತ್ತೀಯಾ, ಒದ್ದೆ ಸಾಕ್ಸ್ ಹಾಕಿಕೊಂಡೇ ಮಲಗುತ್ತೀಯಾ, ಯಾವಳಾದರೂ ಹುಡುಗಿ ಕಣ್ಣಿಗೆ ಬಿದ್ದಿದ್ದಾಳಾ. ಕೊನೆಯದಕ್ಕೆ ಮಾತ್ರ ಉತ್ತರ ಕಡ್ಡಾಯವಂತೆ. ಅಮ್ಮನ ಆರೋಗ್ಯ ಪರವಾಗಿಲ್ಲ. ಎಡಗಿವಿ ಪೂರ್ತಿ ರಜೆ ಹಾಕಿದೆ, ಬಲಗಿವಿ ತನಗೆ ಬೇಕಾದ ಮಾತಿಗೆ ಮಾತ್ರ ಕೆಲಸಕ್ಕೆ ಬರುತ್ತದೆ. ಈಗ ಕೂತಲ್ಲೇ ತೂಕಡಿಸುತ್ತಿದ್ದಾಳೆ. ಒಳ್ಳೆಯದೇ ಆಯಿತು, ಇನ್ನು ಮುಂದಿನದನ್ನು ನಾನು ನನ್ನ ಪಾಡಿಗೆ ಬರೆಯಬಹುದು.

ಫೋನಿರುವಾಗ ಇವಳು ಕಾಗದ ಯಾಕೆ ಹಿಡಿದಳು ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನೀನು ಯಾವ ಮಾತನ್ನೂ ನೆಲಕ್ಕೆ ಬೀಳಗೊಡುವುದಿಲ್ಲ, ನಗೆಯಲ್ಲೇ ಹಾರಿಸಿಬಿಡುತ್ತೀಯ. ಕಾಗದ ಹಾಗಲ್ಲ, ನಕ್ಕು ಮುಗಿಸಿದ ಮೇಲೂ ಕೈಯಲ್ಲೇ ಇರುತ್ತದೆ. ಅಲ್ಲದೆ ನಮ್ಮ ಮನೆಯ ಗೋಡೆಗಳು ನಿನಗೆ ಗೊತ್ತೇ ಇವೆ, ಆಚೆ ಕೋಣೆಯಲ್ಲಿ ಆಕಳಿಸಿದರೆ ಈಚೆ ಕೋಣೆಯವರಿಗೆ ನಿದ್ದೆ ಬರುತ್ತದೆ. ನಾನು ಹೇಳಬೇಕಾದ್ದು ತಮ್ಮನ ಕಿವಿಗೆ ಬೀಳಬಾರದು. ಬಂದರಿಗೆ ಹಣ್ಣು ಹೊರುವ ಲಾರಿ ಸಂಜೆ ಹೊರಡುತ್ತದೆ. ಅದರ ಡ್ರೈವರ್ ಮಂಗಳವಾರ ಬೆಳಿಗ್ಗೆ ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆ, ಬೇರೆ ಯಾರ ಕೈಗೂ ಕೊಡುವುದಿಲ್ಲ ಎಂದು ತನ್ನ ಮೀಸೆ ಮುಟ್ಟಿಕೊಂಡು ಹೇಳಿದ್ದಾನೆ. ಅವನ ಮೀಸೆ ಅಂಥ ಮೀಸೆಯೇನಲ್ಲ, ಆದರೂ ನಂಬಿದ್ದೇನೆ.

ಸುತ್ತಿ ಬಳಸುವ ಮೊದಲು ವಿಷಯ ಹೇಳಿಬಿಡುತ್ತೇನೆ. ತಮ್ಮ ಗೋದಾಮಿನ ಮೂರನೇ ಸೇಬಿನ ಕೋಣೆಯೊಳಗೆ ಹೋಗಲು ಹೊರಟಿದ್ದಾನೆ. ಬಾಗಿಲ ಸೀಲ್ ತೆಗೆದು ಗಾಳಿ ಬಿಡುವ ಮೊದಲೇ. ಬಾಗಿಲ ಕಿಂಡಿಯಿಂದ ನುಸುಳಿ, ಉಸಿರು ಹಿಡಿದು, ಹಿಂದಿನ ಗೋಡೆಯ ಸಾಲಿನಿಂದ ಸೇಬು ತರುತ್ತಾನಂತೆ. ನಿನ್ನ ಹಾಗೆ.

ನೀನು ಬಂದರಿಗೆ ಹೋದ ಮೇಲೆ ಇಲ್ಲಿ ಏನೇನು ಬದಲಾಗಿದೆಯೋ ನಿನಗೆ ತಿಳಿಯದು. ನನ್ನ ಕೆಲಸ ಮಾತ್ರ ಬದಲಾಗಿಲ್ಲ. ಈಗಲೂ ಎಲ್ಲರಿಗೂ ನಾನು ಚಾಕು ಅಕ್ಕ. ಉದ್ದ ಮೇಜು, ಬಿಳಿ ದೀಪ, ಎದುರಿಗೆ ಕ್ರೇಟು. ಮೊದಲು ಕಣ್ಣು: ತೊಟ್ಟಿನ ಗುಂಡಿಯಲ್ಲಿ ಕಪ್ಪಾಗಿದೆಯಾ, ಕೆಳಗಿನ ಹೊಕ್ಕುಳ ಹತ್ತಿರ ಬೂಷ್ಟು ಇದೆಯಾ, ಸಿಪ್ಪೆಯ ಮೇಲೆ ಸುಟ್ಟ ಹಾಗೆ ಕಂದು ಹರಡಿದೆಯಾ, ಸೂಜಿ ಚುಚ್ಚಿದ ಹಾಗೆ ಸಣ್ಣ ಗುಳಿ ಬಿದ್ದಿವೆಯಾ. ಆಮೇಲೆ ಹೆಬ್ಬೆರಳು: ಎಲ್ಲಿ ಜಜ್ಜಿದೆಯೋ ಅಲ್ಲಿ ಹಣ್ಣು ಒಳಗಿನಿಂದ ಕೈಬಿಟ್ಟಂತೆ ತಗ್ಗುತ್ತದೆ, ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುತ್ತದೆ. ಆಮೇಲೆ ಮೂಗು. ಕೊನೆಗೆ ಚಾಕು, ಹೊಟ್ಟೆಗೆ ಅಡ್ಡಲಾಗಿ, ಬೀಜದ ಗೂಡು ನಕ್ಷತ್ರದ ಹಾಗೆ ತೆರೆದುಕೊಳ್ಳುವಂತೆ. ಈ ಚಟ ಮನೆಗೂ ಬಂದುಬಿಟ್ಟಿದೆ. ಮೊನ್ನೆ ಬೀದಿಯಲ್ಲಿ ಟೊಮೆಟೊ ಮಾರುವವಳು ನಾನು ಹತ್ತಿರ ಹೋಗುತ್ತಲೇ ಬುಟ್ಟಿ ಮುಚ್ಚಿದಳು. "ಅಕ್ಕಾ, ನೀನು ತಗೊಳ್ಳೋದು ಅರ್ಧ ಕೆಜಿ, ಬಯ್ಯೋದು ಎರಡು ಕೆಜಿ, ಮುಂದಕ್ಕೆ ನಡಿ" ಎಂದಳು. ತಮ್ಮ ನಕ್ಕು ನಕ್ಕು ರಸ್ತೆಯಲ್ಲೇ ಕೂತುಬಿಟ್ಟ. ಅವನ ನಗು ನಿನಗೆ ಗೊತ್ತಲ್ಲ, ಮೊದಲು ಭುಜ ನಗುತ್ತವೆ, ಆಮೇಲೆ ಬಾಯಿ.

ಬದಲಾದದ್ದು ಕೋಣೆಗಳು. ನಿನ್ನ ಕಾಲದಲ್ಲಿ ಹಳೆಯ ಯಂತ್ರ, ಹಳೆಯ ಬಾಗಿಲು. ಕೋಣೆಯನ್ನು ಮುಚ್ಚಿದೆವು ಎಂದರೂ ಅದು ಕದ್ದು ಕದ್ದು ಉಸಿರಾಡುತ್ತಲೇ ಇರುತ್ತಿತ್ತು. ಈ ವರ್ಷ ಯಜಮಾನರು ಹೊಸ ಯಂತ್ರ ತರಿಸಿದರು, ಮೂರೂ ಬಾಗಿಲಿಗೆ ಕೈಯಗಲದ ರಬ್ಬರ್ ಪಟ್ಟಿ ಹೊಡೆಸಿದರು. ಯಂತ್ರ ನೋಡಿಕೊಳ್ಳಲು ಒಬ್ಬರು ಬಂದಿದ್ದಾರೆ, ಪಾಠ ಹೇಳುವ ಹಾಗೆ ಮಾತಾಡುತ್ತಾರೆಂದು ಎಲ್ಲರೂ ಮೆಷಿನ್ ಮೇಷ್ಟ್ರು ಎನ್ನುತ್ತಾರೆ. ಅವರು ನನಗೆ ಹೇಳಿದ್ದು ಇಷ್ಟು. ಹಣ್ಣು ಕಿತ್ತ ಮೇಲೂ ಉಸಿರಾಡುತ್ತದೆ. ಉಸಿರಾಡಿದಷ್ಟೂ ಮುದಿಯಾಗುತ್ತದೆ. ಅದಕ್ಕೆ ಕೋಣೆಯ ಗಾಳಿಯಿಂದ ಆಕ್ಸಿಜನ್ ತೆಗೆದುಬಿಟ್ಟರೆ ಹಣ್ಣು ಸಾಯುವುದೂ ಇಲ್ಲ, ಏಳುವುದೂ ಇಲ್ಲ, ತಿಂಗಳುಗಟ್ಟಲೆ ಮಲಗಿರುತ್ತದೆ. ನಾವು ಕೇಳುತ್ತಿದ್ದ ಕಥೆಗಳಲ್ಲಿ ಒಂದಿಡೀ ಅರಮನೆ ಮಲಗಿಬಿಡುತ್ತಿತ್ತಲ್ಲ, ಕುದುರೆ ಲಾಯದಲ್ಲಿ ನಿಂತಲ್ಲೇ, ಅಡುಗೆಯವಳು ಸೌಟು ಹಿಡಿದಲ್ಲೇ, ಹಾಗೆ. ನನಗೆ ಕೇಳಲು ಚೆನ್ನಾಗಿತ್ತು. ಆಮೇಲೆ ಅವರು ಬೆಂಕಿಕಡ್ಡಿ ಗೀರಿ ಕಿಂಡಿಯೊಳಗೆ ಹಿಡಿದರು. ಅಣ್ಣಾ, ಗಾಳಿಗೆ ಆರುವ ಕಡ್ಡಿ ಒಮ್ಮೆ ಓಲಾಡಿ ಆರುತ್ತದೆ. ಇದು ಓಲಾಡಲಿಲ್ಲ. ಯಾರೋ ಒಳಗಿನಿಂದ ಎರಡು ಬೆರಳಲ್ಲಿ ಚಿವುಟಿದ ಹಾಗೆ ಆಯಿತು. ಹೊಗೆ ಕೂಡ ಹೆದರಿಕೊಂಡು ಹೊರಗೆ ಬಂದಂತಿತ್ತು.

ಎರಡನೇ ಕೋಣೆಯನ್ನು ಹೋದ ತಿಂಗಳು ಕ್ರಮಪ್ರಕಾರ ತೆರೆದೆವು. ಒಂದು ಪೂರ್ತಿ ಹಗಲು ಬಾಗಿಲು ತೆರೆದಿಟ್ಟು, ಫ್ಯಾನ್ ಹಚ್ಚಿ, ಆಮೇಲೆ ಒಳಗೆ ಹೋದೆವು. ಮೂರನೇ ಸಾಲಿನ ಸಂದಿಯಲ್ಲಿ ಒಂದು ಇಲಿ ಸತ್ತುಬಿದ್ದಿತ್ತು. ಕ್ರೇಟಿನ ಜೊತೆ ಹೋಗಿ ಸಿಕ್ಕಿಹಾಕಿಕೊಂಡಿರಬೇಕು. ಅದರ ಮುಂದೆ ಒಂದು ಸೇಬು, ಸೇಬಿನಲ್ಲಿ ಒಂದೇ ಒಂದು ಕಚ್ಚು. ಒದ್ದಾಡಿದ ಗುರುತಿಲ್ಲ, ಓಡಿದ ಗುರುತಿಲ್ಲ, ಮೂತಿ ಇನ್ನೂ ಹಣ್ಣಿನ ಕಡೆಗೇ ಇತ್ತು. "ನೋಡಿದ್ರಾ ಅಕ್ಕಾ, ಈ ಗಾಳಿ ಉಸಿರು ಕಟ್ಟಿಸಲ್ಲ. ಕಟ್ಟಿಸಿದ್ರೆ ಜೀವ ಹೆದರಿ ಓಡುತ್ತೆ. ಇದು ಉಸಿರಾಡೋಕೆ ಬಿಡುತ್ತೆ. ಒಂದೋ ಎರಡೋ ಸಲ ಎಳ್ಕೊಂಡ್ರೆ ಮುಗೀತು, ಬಿದ್ದಿದ್ದು ಕೂಡ ಗೊತ್ತಾಗಲ್ಲ" ಎಂದರು ಮೇಷ್ಟ್ರು. ನಾನು ಇಲಿಯನ್ನು ಕಾಗದದಲ್ಲಿ ಎತ್ತಿ ಹೊರಗೆ ಹಾಕಿದೆ. ತಮ್ಮನನ್ನು ಕರೆದು ತೋರಿಸಿದೆ ಕೂಡ. "ಅದಕ್ಕೆ ಉಸಿರು ಹಿಡಿಯೋದು ಯಾರೂ ಹೇಳಿಕೊಟ್ಟಿರ್ಲಿಲ್ಲ" ಎಂದ. ಭುಜ ನಗುತ್ತಿದ್ದವು.

ಇನ್ನು ಮೂರನೇ ಕೋಣೆ. ಹದಿನೈದು ದಿನಕ್ಕೊಮ್ಮೆ ಕಿಂಡಿಯಿಂದ ಕೈಹಾಕಿ ಮುಂದಿನ ಸಾಲಿನ ನಾಲ್ಕಾರು ಹಣ್ಣು ತೆಗೆದು ನೋಡುವುದು ರೂಢಿ. ಅವು ಚೆನ್ನಾಗಿಯೇ ಇದ್ದವು. ಮುಂದಿನ ಸಾಲಿಗೆ ಬಾಗಿಲ ತಗಡಿನಿಂದ ಹೊರಗಿನ ಬಿಸಿ ಸ್ವಲ್ಪ ತಟ್ಟುತ್ತದೆ, ಅದಕ್ಕೆ ಅಲ್ಲಿಯ ಹಣ್ಣಿನ ಹಸಿರು ಸ್ವಲ್ಪ ಹಳದಿಗೆ ತಿರುಗಿರುತ್ತದೆ, ಸಿಪ್ಪೆ ಎಣ್ಣೆ ಸವರಿದ ಹಾಗೆ ಜಿಡ್ಡು ಜಿಡ್ಡು. ಕತ್ತರಿಸಿದರೆ ತಿರುಳು ಮಾತ್ರ ಬಿಳಿ. ಇದು ಪ್ರತಿ ವರ್ಷದ ಕಥೆ. ಆದರೆ ಈ ಸಲ ಕಿಂಡಿ ತೆಗೆದಾಗ ನನ್ನ ಮೂಗಿಗೆ ಏನೋ ತಾಗಿತು. ಸೇಬಿನ ವಾಸನೆಯ ಹಿಂದೆ ಇನ್ನೊಂದು ವಾಸನೆ, ಹೆಂಡದಂಗಡಿಯ ಮುಂದೆ ಹಾದುಹೋದಾಗ ಬರುತ್ತದಲ್ಲ ಅಂಥದ್ದು. ನಾನು ಬಿದಿರಿನ ಉದ್ದ ಕೋಲಿಗೆ ಬಲೆಚೀಲ ಕಟ್ಟಿ ದೋಟಿ ಮಾಡಿಸಿದೆ. ಮರದಿಂದ ಹಣ್ಣು ಇಳಿಸುವ ಹಾಗೆ ಕಿಂಡಿಯಿಂದ ಅಡ್ಡಡ್ಡ ತೂರಿಸಿ ಮೂರನೇ ಸಾಲಿನಿಂದ ಎರಡು ಹಣ್ಣು ಎಳೆದೆ. ಹೊರಗೆ ನೋಡಿದರೆ ಅಚ್ಚಹಸಿರು, ಗಟ್ಟಿ, ಸಿಪ್ಪೆ ಒಣಗಿ ನಯವಾಗಿದೆ, ಬಹುಮಾನ ಕೊಡಬೇಕು, ಅಷ್ಟು ಚೆಂದ. ಕತ್ತರಿಸಿದೆ. ಬೀಜದ ಗೂಡಿನ ಸುತ್ತ ಒದ್ದೆ ಕಂದು. ಕಂದಿನ ನಡುವೆ ಸಣ್ಣ ಸಣ್ಣ ಪೊಟರೆಗಳು, ಒಳಗೊಳಗೇ ತಿಂದುಹಾಕಿದಂತೆ, ಆದರೆ ಹುಳು ಇಲ್ಲ. ಎರಡನೆಯದೂ ಹಾಗೇ. ಚಾಕು ಮೂಸಿದರೆ ಅದೇ ಹೆಂಡದ ನಾತ.

ಮೇಷ್ಟ್ರಿಗೆ ತೋರಿಸಿದೆ. ಅವರ ಮುಖ ಇಳಿಯಿತು. ಹಣ್ಣು ಮಲಗುವುದಕ್ಕೂ ಒಂದಿಷ್ಟು ಗಾಳಿ ಬೇಕು, ಅದೂ ಸಿಗದಿದ್ದರೆ ಒಳಗೇ ಹುಳಿತುಹೋಗುತ್ತದೆ, ಅದರ ಮೇಲೆ ತಾನೇ ಬಿಟ್ಟ ಕೆಟ್ಟ ಗಾಳಿ ಹೊರಹೋಗದೆ ತುಂಬಿಕೊಂಡರೆ ಎದೆ ಹೀಗೆ ಕಂದಾಗುತ್ತದೆ ಎಂದರು. ಹೊಸ ಯಂತ್ರದ ಮುಳ್ಳು ಎಲ್ಲ ಸರಿಯಿದೆ ಎನ್ನುತ್ತಿದೆ, ಆದರೆ ಹಣ್ಣು ಇಲ್ಲ ಎನ್ನುತ್ತಿದೆ. ಹಣ್ಣಿನ ಮಾತನ್ನೇ ನಂಬಬೇಕು ಎಂದು ಅವರೇ ಹೇಳಿದರು. ಅಂದರೆ ಆ ಕೋಣೆಯಲ್ಲಿ ಈಗ ಇರುವುದು ಇಲಿ ಸತ್ತ ಕೋಣೆಯದಕ್ಕಿಂತ ಕೆಟ್ಟ ಗಾಳಿ. ಇನ್ನೊಂದು ಮಾತೂ ಅವರು ಹೇಳಿದರು, ಹೇಳಿ ನನ್ನ ಮುಖ ನೋಡಲಿಲ್ಲ. "ಇಂಥ ಕೋಣೇಲಿ ಒಬ್ಬರೇ ಸಾಯೋದು ಕಡಿಮೆ ಅಕ್ಕಾ. ಒಬ್ಬರು ಬೀಳ್ತಾರೆ, ಅವರನ್ನ ಎಳೆಯೋಕೆ ಅಂತ ಇನ್ನೊಬ್ಬರು ಓಡ್ತಾರೆ." ತಮ್ಮ ಒಳಗೆ ಬಿದ್ದರೆ ನಾನು ಹೊರಗೆ ಕೈಕಟ್ಟಿ ನಿಲ್ಲುವವಳಾ, ನೀನೇ ಹೇಳು.

ಯಜಮಾನರ ಲೆಕ್ಕಾಚಾರ ಬೇರೆ. ಶನಿವಾರ ದೊಡ್ಡ ಕೊಳ್ಳುವವರು ಬರುತ್ತಾರೆ, ನಿನ್ನನ್ನು ಬಂದರಿಗೆ ಕರೆದುಕೊಂಡು ಹೋದವರೇ. ಹಿಂದಿನ ಗೋಡೆಯ ಹಣ್ಣು ನೋಡದೆ ಕೋಣೆ ಕೊಳ್ಳುವುದಿಲ್ಲ ಎಂದಿದ್ದಾರಂತೆ. ಮೊದಲೇ ಬಾಗಿಲು ತೆರೆದರೆ ಹಣ್ಣೆಲ್ಲ ಎಚ್ಚರವಾಗಿಬಿಡುತ್ತದೆ, ಕೊಳ್ಳದೆ ಹೋದರೆ ಮತ್ತೆ ಮಲಗಿಸಲು ಬರುವುದಿಲ್ಲ. ನಾನು ಕಂದು ಸೇಬುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಅವರ ಮೇಜಿಗೆ ಹೋದೆ. ಯಜಮಾನರೇ, ಈಗಲೇ ತೆರೆಯಿರಿ, ಉಳಿದದ್ದಾದರೂ ಉಳಿಯುತ್ತದೆ ಎಂದೆ. "ಎರಡು ಹಣ್ಣು ನೋಡಿ ಒಂದು ಕೋಣೆಗೆ ಬೆಂಕಿ ಇಡಬೇಡಮ್ಮಾ" ಎಂದರು. ಹಿಂದಿನ ಗೋಡೆಗೆ ಯಾರನ್ನೂ ಕಳಿಸಬೇಡಿ ಎಂದೆ. "ನಾನೆಲ್ಲಿ ಕಳಿಸ್ತಿದ್ದೀನಿ? ನಿನ್ನ ತಮ್ಮ ತಾನೇ ಹೋಗ್ತೀನಿ ಅಂದ. ನಿಮ್ಮ ಮನೆತನಕ್ಕೆ ಅದೆಲ್ಲ ನೀರು ಕುಡಿದಷ್ಟು ಸುಲಭ ಅಲ್ವಾ?" ಎಂದು ನಕ್ಕರು. ಒಳಗೆ ಹೋಗುವವರಿಗೆಂದು ಗಾಳಿಯ ಸಿಲಿಂಡರ್ ಇರುವ ಮುಖವಾಡವೊಂದು ಅವರ ಬೆನ್ನ ಹಿಂದೆಯೇ ಮೊಳೆಗೆ ನೇತಾಡುತ್ತಿತ್ತು. ಅದರ ರಬ್ಬರ್ ಹಳೆಯ ಚಪ್ಪಲಿಯಂತೆ ಬಿರಿದಿದೆ. ಸಿಲಿಂಡರ್ ತಟ್ಟಿದರೆ ಖಾಲಿ ಕೊಡದ ಸದ್ದು. ಹೊಸದು ಬರಲು ತಿಂಗಳು ಬೇಕಂತೆ. ಮೇಷ್ಟ್ರು ಗಲಾಟೆ ಮಾಡಿದ್ದಕ್ಕೆ ಈ ವಾರವಿಡೀ ಅವರನ್ನು ಇನ್ನೊಂದು ಗೋದಾಮಿನ ಯಂತ್ರ ನೋಡಲು ಕಳಿಸಿಬಿಟ್ಟಿದ್ದಾರೆ.

ಇದಕ್ಕೆಲ್ಲ ಮೂಲ ನಿನ್ನ ಕಥೆ, ಅಣ್ಣಾ. ನೀನಿಲ್ಲದ ಈ ಐದು ವರ್ಷದಲ್ಲಿ ಅದು ಎಷ್ಟು ಬೆಳೆದಿದೆ ಎಂದು ಕೇಳಿದರೆ ನೀನೇ ಬೆರಗಾಗುತ್ತೀಯ. ಕೆರೆಯಲ್ಲಿ ಮುಳುಗಿ ಕೂತು ನಮ್ಮನ್ನೆಲ್ಲ ಅಳಿಸುತ್ತಿದ್ದವನಿಗೆ ಹುಡುಗರು ಇಟ್ಟ ಹೆಸರು ಮೊಸಳೆ, ಈಗ ಗೋದಾಮಿಗೆ ಮೊಸಳೆ ಎಂದರೆ ಕಥೆಯೊಳಗಿನ ವೀರ. ಮೊದಲು ನೀನು ಅಂಗಿಯ ಮಡಿಲಲ್ಲಿ ಆರು ಸೇಬು ತಂದೆ ಎನ್ನುತ್ತಿದ್ದರು. ಆಮೇಲೆ ಅದು ಒಂದು ಕ್ರೇಟು ಆಯಿತು. ಆಮೇಲೆ ಕ್ರೇಟು ತಲೆಯ ಮೇಲೇರಿತು. ತೂಕದವನು ಮೊನ್ನೆ ಹೊಸಬರಿಗೆ ಹೇಳುತ್ತಿದ್ದ: "ಮೊಸಳೆ ಹಿಂದಿನ ಗೋಡೆಗೆ ಹೋಗಿ, ಕ್ರೇಟಿನ ಮೇಲೆ ಕೂತು, ಒಂದು ಬೀಡಿ ಸೇದಿ, ಆರಾಮಾಗಿ ವಾಪಸ್ ಬಂದ ಕಣ್ರೋ!" ಕಡ್ಡಿಯೇ ಉರಿಯದ ಕಡೆ ಬೀಡಿ ಹೇಗೆ ಹತ್ತಿತು ಎಂದು ಒಬ್ಬನಾದರೂ ಕೇಳಬೇಡವೇ? ಕೇಳಲಿಲ್ಲ. ಎಲ್ಲರೂ ತಲೆದೂಗಿದರು. ಅಮ್ಮನಂತೂ ಯಾರು ಬಂದರೂ ಈ ಕಥೆಯನ್ನು ಬಡಿಸದೆ ಕಳಿಸುವುದಿಲ್ಲ. ಕೇಳಿಸಿಕೊಳ್ಳಲು ಕಿವಿ ಬೇಕು, ಹೇಳಲು ಬೇಡವಲ್ಲ.

ತಮ್ಮ ಕೆಲಸಕ್ಕೆ ಸೇರಿದ್ದು ಈ ವರ್ಷ ಕೋಣೆ ತುಂಬಿ ಸೀಲ್ ಹಾಕಿದ ಮೇಲೆ. ಸೇರಿದ ದಿನದಿಂದ ಅವನಿಗೆ ಅವನದೇ ಹೆಸರಿಲ್ಲ. "ಮೊಸಳೆ ತಮ್ಮ, ಆ ಕ್ರೇಟು ಈ ಕಡೆ ತಗೊಂಬಾ." "ಮೊಸಳೆ ತಮ್ಮ, ಏನೋ ಇಷ್ಟಕ್ಕೇ ಏದುಸಿರು ಬಿಡ್ತೀಯ, ನಿಮ್ಮಣ್ಣನ ಮರ್ಯಾದೆ ತೆಗೀಬೇಡ." ದಿನವಿಡೀ ಇದೇ. ಮನೆಗೆ ಬಂದರೆ ಅಮ್ಮನ ಬಾಯಲ್ಲೂ ನೀನೇ. ನಗುತ್ತಲೇ ಇರುತ್ತಾನೆ, ಆದರೆ ನನಗೆ ಹಣ್ಣು ಒತ್ತಿ ನೋಡುವ ಬೆರಳಿದೆಯಲ್ಲ, ಅವನು ಎಲ್ಲಿ ಜಜ್ಜಿದ್ದಾನೆಂದು ತಿಳಿಯುತ್ತದೆ. ಈಗ ದಿನಾ ಸಂಜೆ ಹಿತ್ತಲಿನ ನೀರಿನ ಡ್ರಮ್ಮಿನಲ್ಲಿ ತಲೆ ಮುಳುಗಿಸಿ ಅಭ್ಯಾಸ ಮಾಡುತ್ತಾನೆ. ಎದ್ದಾಗ ತುಟಿ ನೇರಳೆ ಬಣ್ಣ, ಕಣ್ಣು ಕೆಂಪು, ಮೊದಲ ಮಾತು, "ಅಕ್ಕಾ, ಅಣ್ಣನಷ್ಟು ಆಯ್ತಾ?" ಬೇಡ ಕಣೋ ಎಂದರೆ ಒಂದೇ ಉತ್ತರ: "ಅಣ್ಣ ಹೋಗಿ ಬಂದಿದ್ದಾನಲ್ಲ ಅಕ್ಕಾ. ಸತ್ತನಾ?" ಸೊಂಟಕ್ಕೆ ಹಗ್ಗವನ್ನಾದರೂ ಕಟ್ಟಿಕೋ, ನಾನು ಹಿಡಿದಿರುತ್ತೇನೆ ಎಂದೆ. "ಅಣ್ಣ ಕಟ್ಟಿಕೊಂಡಿದ್ನಾ?" ಎಂದ. ಹಗ್ಗ ಕಟ್ಟಿಕೊಂಡು ಹೋದರೆ ಆ ಹೆಸರು ಇನ್ನೂ ಗಟ್ಟಿಯಾಗುತ್ತದಂತೆ, ಮೊಸಳೆ ತಮ್ಮ ಅಲ್ಲ, ಮೊಸಳೆಗೆ ಕಟ್ಟಿದ ಮೇಕೆ ಅಂತಾರಂತೆ.

ಇನ್ನೊಂದು ವಿಷಯ. ಹೋದ ಸಲ ರಜೆಗೆ ಬಂದಾಗ ಊಟಕ್ಕೆ ಕೂತು ನೀನೊಂದು ಮಾತು ಹೇಳಿದೆ, ನೆನಪಿದೆಯಾ? ಮೂರನೇ ಕೋಣೆಯ ಹಿಂದಿನ ಗೋಡೆಯ ಎಡಮೂಲೆಯಲ್ಲಿ, ಮೊಣಕಾಲೆತ್ತರದಲ್ಲಿ, ಹೋದ ಗುರುತಿಗೆಂದು ಮೊಳೆಯಿಂದ ಒಂದು ಮೊಸಳೆ ಗೀಚಿ ಬಂದಿದ್ದೇನೆ ಎಂದೆ. ಬಾಲ ಸುರುಳಿ ಸುತ್ತಿದೆ, ನಾಯಿಬಾಲದ ಹಾಗೆ ಬಂದುಬಿಟ್ಟಿತು, ಕತ್ತಲಲ್ಲವೇ ಎಂದೆ. ನಾವೆಲ್ಲ ನಕ್ಕೆವು. ತಮ್ಮ ನಗಲಿಲ್ಲ, ತುತ್ತು ಕೈಯಲ್ಲೇ ಹಿಡಿದು ನಿನ್ನನ್ನೇ ನೋಡುತ್ತಿದ್ದ. ಅವನು ಈಗ ಜೇಬಿನಲ್ಲಿ ಒಂದು ಮೊಳೆ ಇಟ್ಟುಕೊಂಡು ತಿರುಗುತ್ತಾನೆ. ಮೊನ್ನೆ ಅವನ ಪ್ಯಾಂಟು ಒಗೆಯುವಾಗ ನನ್ನ ಬೆರಳಿಗೆ ಚುಚ್ಚಿತು. ಕೇಳಿದರೆ, "ಅಣ್ಣನ ಮೊಸಳೆ ಪಕ್ಕದಲ್ಲೇ ನಂದೊಂದು ಗೀಚಿ ಬರ್ತೀನಿ. ಬಾಲ ನೆಟ್ಟಗೆ ಇರುತ್ತೆ" ಎಂದ.

ಈಗ ನಾನು ಬರೆಯುತ್ತಿರುವುದನ್ನು ಎರಡು ಸಲ ಓದು. ಪ್ರತಿ ವರ್ಷ ಕೋಣೆ ಖಾಲಿಯಾದ ಮೇಲೆ, ಹೊಸ ಹಣ್ಣು ತುಂಬುವ ಮೊದಲು, ಬೂಷ್ಟು ಹುಡುಕಲು ದೀಪ ಹಿಡಿದು ಒಳಗೆ ಹೋಗುವವಳು ನಾನು. ಗೋಡೆಯನ್ನು ನೆಲದಿಂದ ಮೇಲೆ ಗೇಣು ಗೇಣು ಒರೆಸುತ್ತೇನೆ, ಮೂಲೆಗಳನ್ನು ಮೊಣಕಾಲೂರಿ ನೋಡುತ್ತೇನೆ. ಬೂಷ್ಟು ಮೊದಲು ಹಿಡಿಯುವುದೇ ಮೂಲೆಯನ್ನು. ಹಾಗೆಯೇ, ಆ ದಿನ ನೀನು ಅಂಗಿಯ ಮಡಿಲಲ್ಲಿ ತಂದ ಆರು ಸೇಬುಗಳನ್ನು ಕತ್ತರಿಸಿದವಳೂ ನಾನೇ. ಎಲ್ಲರೂ ನಿನ್ನನ್ನು ಹೆಗಲ ಮೇಲೆ ಎತ್ತಿ ಕುಣಿಯುತ್ತಿದ್ದರು, ನಾನೊಬ್ಬಳೇ ಹಣ್ಣು ನೋಡುತ್ತಿದ್ದೆ. ತಿರುಳು ಹಾಲಿನಂತೆ ಬಿಳಿ. ಕೊಳ್ಳುವವರು ಖುಷಿಯಾಗಿ ಇನ್ನೊಂದು ತಿಂಗಳು ಕೋಣೆ ಮುಚ್ಚಿರಲಿ ಎಂದರು. ತಿಂಗಳಾದ ಮೇಲೆ ತೆರೆದರೆ ಹಿಂದಿನ ಅರ್ಧವೆಲ್ಲ ಎದೆಗಂದು. ಆ ತಿಂಗಳಲ್ಲೇ ಕೆಟ್ಟಿತೆಂದು ಎಲ್ಲರೂ ಯಂತ್ರವನ್ನು ಬೈದರು, ನಾನೂ ಬೈದೆ. ಮೊನ್ನೆ ದೋಟಿಯಿಂದ ಎಳೆದ ಮೂರನೇ ಸಾಲಿನ ಸೇಬನ್ನು ಎಡಗೈಯಲ್ಲಿ, ಮುಂದಿನ ಸಾಲಿನದನ್ನು ಬಲಗೈಯಲ್ಲಿ ಹಿಡಿದು ನಿಂತಾಗ ನನಗೆ ಆ ದಿನದ ಆರು ಸೇಬು ನೆನಪಾದವು. ಅವುಗಳ ಬಣ್ಣ ನೆನಪಾಯಿತು. ಅವು ನನ್ನ ಬೆರಳಿಗೆ ಹಚ್ಚಿದ ಜಿಡ್ಡು ನೆನಪಾಯಿತು. ಆ ಜಿಡ್ಡು ತೊಳೆಯಲು ಸೋಪು ಹಚ್ಚಿದ್ದೂ ನೆನಪಾಯಿತು. ಅಲ್ಲಿಗೆ ನಿಲ್ಲಿಸುತ್ತೇನೆ. ನೀನು ದಡ್ಡನಲ್ಲ.

ತಮ್ಮನಿಗೆ ನಾನು ಇದನ್ನು ಹೇಳಲು ಬಾಯಿ ತೆರೆದೆ. ಅರ್ಧ ಮಾತಿಗೇ ಎದ್ದುಬಿಟ್ಟ. "ನಿನ್ನ ಬೆರಳಿಗೆ ಐದು ವರ್ಷದ ಹಿಂದಿನ ಹಣ್ಣು ನೆನಪಿದೆಯಾ? ಅಣ್ಣನ ಮೇಲೆ ನಿನಗೆ ಮೊದಲಿನಿಂದ್ಲೂ ಹೊಟ್ಟೆಕಿಚ್ಚು" ಎಂದ. ಅಮ್ಮ ಅಲ್ಲೇ ಇದ್ದಳು, ಬಲಗಿವಿಗೆ ಅಷ್ಟು ಮಾತ್ರ ಸರಿಯಾಗಿ ಕೇಳಿಸಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಬೇರೆ ಸುದ್ದಿಗಳೂ ಇವೆ. ನೀನು ಕಳಿಸಿದ ಉಣ್ಣೆಯ ಟೋಪಿಯನ್ನು ಅಮ್ಮ ಬಿಸಿಲಲ್ಲೂ ತೆಗೆಯುವುದಿಲ್ಲ. ಹಿತ್ತಲಿನ ಬೆಕ್ಕು ಮತ್ತೆ ಮರಿ ಹಾಕಿದೆ, ಅದರಲ್ಲಿ ಒಂದಕ್ಕೆ ನಿನ್ನ ಹಾಗೇ ಒಂದು ಕಿವಿ ದೊಡ್ಡದು. ಅಡುಗೆಮನೆಯ ಸೂರು ಸೋರುವುದನ್ನು ತಮ್ಮ ತಾನೇ ಹತ್ತಿ ಸರಿಮಾಡಿದ. ಯಾರೂ ಹೇಳಿರಲಿಲ್ಲ, ಸರಿಮಾಡಿದ ಮೇಲೂ ಯಾರಿಗೂ ಹೇಳಲಿಲ್ಲ, ಮಳೆ ಬಂದಾಗ ಪಾತ್ರೆ ಇಡಲು ಹೋದ ನನಗೆ ನೆಲ ಒಣಗಿದ್ದು ನೋಡಿ ತಿಳಿಯಿತು. ಅಂಥ ಹುಡುಗ ಅವನು. ಇದನ್ನು ಯಾವ ಗೋದಾಮಿನಲ್ಲೂ ಯಾರೂ ಕಥೆ ಮಾಡಿ ಹೇಳುವುದಿಲ್ಲ.

ಮೈ ಜೋಪಾನ. ಅಮ್ಮನ ಆಶೀರ್ವಾದ ನಿನ್ನ ನೆತ್ತಿಯ ಮೇಲಿರಲಿ, ಆ ಟೋಪಿಯಷ್ಟೇ ಬೆಚ್ಚಗೆ. ನಿನ್ನ ಕೋಣೆಯ ಗೆಳೆಯರಿಗೆಲ್ಲ ನನ್ನ ನಮಸ್ಕಾರ ಹೇಳು.

ನಿನ್ನ ತಂಗಿ,
ಚಾಕು

ತಾ.ಕ.: ಲಾರಿ ಹಾರ್ನ್ ಹೊಡೆಯುತ್ತಿದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ತಮ್ಮ ಈಗ ತಾನೇ ಓಡಿ ಬಂದು ಹೇಳಿದ, ಕೊಳ್ಳುವವರು ಶನಿವಾರವಲ್ಲ, ಬುಧವಾರ ಬೆಳಿಗ್ಗೆಯೇ ಬರುತ್ತಾರಂತೆ. ಭುಜ ನಗುತ್ತಿವೆ. ಕಾಗದಕ್ಕೆ ಉತ್ತರ ಬರೆಯಬೇಡ, ಓದಿದ ಕೂಡಲೇ ಫೋನು ಮಾಡಿ ಅವನನ್ನೇ ಕರೆಸು. ಬೈಯಬೇಡ, ಬೇಡ ಎಂದೂ ಹೇಳಬೇಡ, ಬೇಡ ಎಂದಷ್ಟೂ ಅವನಿಗೆ ಹುರುಪು. ಹೇಳಬೇಕಾದ್ದು ಒಂದೇ, ಅದು ನಿನ್ನ ಬಾಯಿಂದಲೇ ಬರಬೇಕು. ಅಣ್ಣಾ, ಆ ದಿನ ನೀನು ಹಿಂದಿನ ಗೋಡೆಗೆ ಹೋಗಲಿಲ್ಲ. ಕಿಂಡಿ ನುಸುಳಿ ಮುಂದಿನ ಸಾಲಿನ ಆರು ಹಣ್ಣು ಎತ್ತಿಕೊಂಡು, ಹಳೆಯ ಬಾಗಿಲ ಸಂದಿಗೆ ಮೂಗೊಡ್ಡಿ ಕೂತಿದ್ದು ಬಂದೆ. ಒಳ್ಳೆಯದೇ ಮಾಡಿದೆ, ಅದಕ್ಕೇ ಇವತ್ತು ನನಗೆ ನಿನ್ನ ಹೆಸರಿಗೆ ಕಾಗದ ಬರೆಯಲು ಆಗುತ್ತಿದೆ. ಈಗ ಆ ಸಂದಿಯೂ ಇಲ್ಲ. ಗೋಡೆ ಮುಟ್ಟಿ ತಕ್ಷಣ ತಿರುಗಿದರೆ ಅವನು ಬದುಕಿ ಬಂದರೂ ಬಂದಾನು. ತಿರುಗುವುದಿಲ್ಲ. ಎಡಮೂಲೆಯಲ್ಲಿ ಬಗ್ಗಿ, ಟಾರ್ಚ್ ಹಿಡಿದು, ನಿನ್ನ ಮೊಸಳೆಯನ್ನು ಹುಡುಕುತ್ತಾನೆ. ಆ ಮೂಲೆಯನ್ನು ನಾನು ವರ್ಷ ವರ್ಷ ಒರೆಸಿದ್ದೇನೆ. ಅಲ್ಲಿ ಮೊಸಳೆ ಇಲ್ಲ. ಸಿಗುವ ತನಕ ಅವನು ಹುಡುಕುತ್ತಾನೆ, ಅಣ್ಣಾ.